ಬಸಳೆ ಚಪ್ಪರಕ್ಕೆ ಕೊಡದ ಆಂಟೆನಾ

ಮನೆಯಲ್ಲಿರುವ ವಸ್ತುಗಳಲ್ಲಿ ಎರಡು ಜಾತಿ. ಕೆಲಸಕ್ಕೆ ಬರುತ್ತದೆ ಎಂದು ಇಟ್ಟುಕೊಂಡವು ಒಂದು, ಬೇರೆಯವರು ಬೇಡವೆಂದರು ಎಂದು ಇಟ್ಟುಕೊಂಡವು ಇನ್ನೊಂದು. ನಾನು ಕಂಡ ಮಟ್ಟಿಗೆ ಹೆಚ್ಚು ಬಾಳಿಕೆ ಬರುವುದು ಎರಡನೆಯ ಜಾತಿಯವೇ. ನನ್ನ ಅತ್ತೆಯವರು ಮನೆಗೆ ಗ್ರೈಂಡರ್ ಬಂದ ಮೇಲೂ ಕಡೆಯುವ ಕಲ್ಲನ್ನು ಅಡುಗೆಮನೆಯಿಂದ ಅಲುಗಾಡಿಸಲು ಬಿಟ್ಟವರಲ್ಲ. ಮಗ, ಮಗಳು, ಸೊಸೆ ಎಲ್ಲರೂ ಹೇಳಿ ಸೋತೆವು. ಈಗ ಅತ್ತೆಯವರು ಇಲ್ಲ, ಕಲ್ಲು ಅಲ್ಲೇ ಇದೆ, ಅದರ ಮೇಲೆ ಬೆಕ್ಕು ಮಲಗುತ್ತದೆ. ಆ ಹಠವನ್ನು ನೋಡಿ ಆಗ ನಾನು ನಕ್ಕದ್ದುಂಟು. ಈಗ ನನ್ನ ಮೋಟಾರ್ ಸೈಕಲಿನ ಬೆನ್ನಿಗೆ ಎರಡು ಉದ್ದನೆಯ ಆಂಟೆನಾಗಳು ನಿಂತಿವೆ. ಅವನ್ನು ಕಿತ್ತುಹಾಕಬೇಕೆಂದು ಬಂಟ್ವಾಳದಿಂದ ಮೂಡುಬಿದಿರೆಯ ತನಕ ಪರಿಚಯದವರೆಲ್ಲ ಹೇಳಿದ್ದಾರೆ. ಈ ಪ್ರಬಂಧ ಓದಿದ ಮೇಲೆ ನೀವೂ ಹೇಳಬಹುದು. ಮೊದಲೇ ತಿಳಿಸಿಬಿಡುತ್ತೇನೆ, ನಾನು ಕೀಳುವುದಿಲ್ಲ.

ಐವತ್ತು ಹತ್ತಿರವಾದ ಹೆಂಗಸಿಗೆ ಮೋಟಾರ್ ಸೈಕಲ್ ಎಲ್ಲಿಂದ ಬಂತು ಎಂದು ನೀವು ಕೇಳುವ ಮೊದಲೇ ಅದನ್ನೂ ಹೇಳುತ್ತೇನೆ. ಅದು ನನ್ನ ಅಣ್ಣನದು. ಗಲ್ಫಿನಲ್ಲಿ ಹೋಟೆಲು ನಡೆಸಿ ಊರಿಗೆ ಬಂದವನು ದೇಶವೆಲ್ಲ ತಿರುಗುತ್ತೇನೆಂದು ಈ ದೂರಪ್ರಯಾಣದ ಗಾಡಿಯನ್ನು ಕೊಂಡ. ತಿರುಗುವ ಮೊದಲೇ ಅವನ ಮೊಣಕಾಲು ಕೈಕೊಟ್ಟಿತು. "ಮಾರಿ ಬಿಡುವ" ಎಂದ. "ನನಗೆ ಕೊಡು" ಎಂದೆ. ತಮಾಷೆಗೆ ಹೇಳಿದ್ದೆ. ಆದರೆ ಅಲ್ಲಿದ್ದವರೆಲ್ಲ ನಕ್ಕರು. ಅಷ್ಟು ಸಾಕಾಯಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳಿಗೆ ಭಾರಕೇಂದ್ರ ಎಲ್ಲಿರುತ್ತದೆಂದು ಗೊತ್ತು, ಗಾಡಿ ಎಷ್ಟು ಭಾರವಿದ್ದರೇನು ಎಂದು ವಾದ ಮಾಡಿದೆ. ಕಲಿಯುವಾಗ ಒಮ್ಮೆ ಅದು ನನ್ನ ಮೇಲೆ ಮಲಗಿ ಅದರ ಭಾರಕೇಂದ್ರ ನನ್ನ ಎಡಗಾಲಿನ ಮೇಲೆ ಬಂದದ್ದು ಬೇರೆ ವಿಷಯ. ಈಗ ಸಿದ್ಧಕಟ್ಟೆಯ ಮನೆಯಿಂದ ಮೂಡುಬಿದಿರೆಯ ಕಾಲೇಜಿಗೆ ಅದರಲ್ಲೇ ಹೋಗಿ ಬರುತ್ತೇನೆ.

ಗಾಡಿಯ ಮುಂದೆ ಒಂದು ರೇಡಿಯೋ ಉಂಟು. ಹಿಂದಿನ ಸೀಟಿಗೆ ಒರಗುವ ದಿಂಬು, ಕೈಯಿಡುವ ಜಾಗ ಎಲ್ಲ ಇದ್ದು, ಅದರ ಎಡಕ್ಕೊಂದು ಬಲಕ್ಕೊಂದು ಆಂಟೆನಾ. ಎಡಗಡೆಯದು ರೇಡಿಯೋ ಕೇಳುವುದಕ್ಕೆ. ಬಲಗಡೆಯದು ಜೊತೆಯಲ್ಲಿ ಬರುವ ಇನ್ನೊಂದು ಗಾಡಿಯವರೊಡನೆ ಮಾತಾಡುವುದಕ್ಕೆ. ಜೊತೆಯಲ್ಲಿ ಬರುವ ಗಾಡಿ ಇಡೀ ಬಂಟ್ವಾಳ ತಾಲೂಕಿನಲ್ಲಿ ಇಲ್ಲ. ಆದರೂ ಒಂದೇ ಕೊಂಬಿನ ಕೋಣನ ಹಾಗೆ ಕಾಣಬಾರದಲ್ಲ ಎಂದು ಅದನ್ನೂ ಉಳಿಸಿಕೊಂಡಿದ್ದೇನೆ. "ಮೊಬೈಲಿನಲ್ಲಿ ಎಲ್ಲ ಬರ್ತದಲ್ಲ ಮೇಡಂ" ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಬರುತ್ತದೆ, ನಿಜ. ಆದರೆ ಮೊಬೈಲಿನಲ್ಲಿ ನಾನು ಹುಡುಕಿದ್ದು ಬರುತ್ತದೆ. ರೇಡಿಯೋದಲ್ಲಿ ಅದಕ್ಕೆ ತೋಚಿದ್ದು ಬರುತ್ತದೆ. ದಿನವಿಡೀ ಮಕ್ಕಳಿಗೆ ನಾನೇ ಹೇಳಿ ಹೇಳಿ ಸುಸ್ತಾದ ಮೇಲೆ, ಯಾರೋ ಏನೋ ಹೇಳುವುದನ್ನು ಸುಮ್ಮನೆ ಕೇಳಿಕೊಂಡು ಬರುವುದು ನನಗೆ ದೊಡ್ಡ ಸುಖ.

ಆ ಸುಖಕ್ಕೆ ಕುತ್ತು ಬಂದದ್ದು ಆಯುಧಪೂಜೆಯ ದಿನ. ನಮ್ಮವರು, ಅಂದರೆ ನನ್ನ ಗಂಡ, ಬಂಟ್ವಾಳದಲ್ಲಿ ವಕೀಲರು. ಬಿಡುವಿದ್ದಾಗ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದಲೇ ಮಾತಿನಲ್ಲಿ ಯುದ್ಧ ಮಾಡುವ ಕಲೆ ಅದು. ಇವರಿಗೆ ಎಲ್ಲದರಲ್ಲೂ ಶೋಭೆ ಬೇಕು. ಗಾಡಿಯ ಎರಡು ಆಂಟೆನಾಗಳನ್ನು ಕಂಡದ್ದೇ, ಇದು ಇದಕ್ಕೆಂದೇ ಮಾಡಿದ್ದು ಎಂದು ಒಂದೊಂದಕ್ಕೂ ಒಂದೊಂದು ಬಾಳೆಗಿಡ ಕಟ್ಟಿದರು. ನಾನು ಬೇಡವೆನ್ನಬೇಕಿತ್ತು. ಆದರೆ ನೋಡುವುದಕ್ಕೆ ನಿಜಕ್ಕೂ ಚೆನ್ನಾಗಿತ್ತು. ಪೂಜೆ ಮುಗಿಸಿ ಹಾಗೆಯೇ ಒಂದು ಸುತ್ತು ಹೋದೆ. ಸಂಗಬೆಟ್ಟಿನ ಇಳಿಜಾರಿನಲ್ಲಿ ಗಾಳಿ ಎಲೆಗೆ ಹೊಡೆಯಿತು. ಹಿಂದಿನಿಂದ ಟಪ್ ಟಪ್ ಎಂದು ಎರಡು ಸದ್ದಾಯಿತು. ತಿರುಗಿ ನೋಡಿದರೆ ಬಾಳೆಗಿಡಗಳೆರಡೂ ನನ್ನ ಆಂಟೆನಾಗಳ ಸಮೇತ ರಸ್ತೆಯಲ್ಲಿ ಮಲಗಿದ್ದವು, ಒಂದು ದನ ಆಗಲೇ ಊಟಕ್ಕೆ ಕುಳಿತಿತ್ತು.

ಮುರಿದದ್ದು ಒಳ್ಳೆಯದಾಯಿತು ಎಂದು ಮೊದಲು ಹೇಳಿದವರು ಸುಲೋಚನತ್ತಿಗೆ. ಇವರು ನಮ್ಮವರ ಅಕ್ಕ, ಪಕ್ಕದ ಮನೆಯಲ್ಲೇ ಇರುತ್ತಾರೆ. ಮಾತು ಖಾರ, ಮನಸ್ಸೂ ಅಷ್ಟೇನು ಸಪ್ಪೆಯಲ್ಲ. "ಇನ್ನಾದ್ರೂ ಮನುಷ್ಯರು ಬಿಡುವ ಗಾಡಿಯ ಹಾಗೆ ಕಾಣ್ತದೆ. ಪುನಃ ಕೋಲು ಹಾಕ್ಬೇಡ ಮಾರಾಯ್ತಿ" ಎಂದರು. ನಾನು ಆಗಲೇ ಹೊಸ ಜೋಡಿಗೆ ಹೇಳಿಯಾಗಿದೆ ಎಂದು ತಿಳಿದಾಗ, "ರೇಡಿಯೋ ಕೇಳುವುದು ಬರೀ ನೆಪ. ಆ ಗುಡ್ಡದ ರಸ್ತೆಯಲ್ಲಿ ಅದು ಹಾಡಿದ್ದನ್ನು ಯಾರು ಕೇಳಿದ್ದಾರೆ?" ಎಂದರು. ಮನೆ ತುಂಬ ನೆಂಟರಿದ್ದರು. ಮುಂದಿನ ಭಾನುವಾರ ನಮ್ಮವರು ಅರ್ಥ ಹೇಳಿದ ತಾಳಮದ್ದಳೆಯೊಂದು ಮಂಗಳೂರಿನ ರೇಡಿಯೋದಲ್ಲಿ ಬರುವುದಿತ್ತು. ನಾನು ಎಲ್ಲರೆದುರು ಮಾತು ಕೊಟ್ಟೆ: "ಭಾನುವಾರ ನಾನೊಬ್ಬಳೇ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೋಗ್ತೇನೆ. ನಿಮ್ಮ ತಮ್ಮನ ಅರ್ಥ ಗಾಡಿಯ ರೇಡಿಯೋದಲ್ಲಿ ಬಾರದಿದ್ರೆ ಎರಡೂ ಕೋಲು ಕಿತ್ತು ನಿಮ್ಮ ಬಸಳೆ ಚಪ್ಪರಕ್ಕೆ ಕೊಡ್ತೇನೆ."

ಅತ್ತಿಗೆ ಮರುದಿನವೇ ಬಸಳೆ ದಂಟು ನೆಟ್ಟರು. ನಮ್ಮ ಅಂಗಳದಿಂದ ಕಾಣುವ ಹಾಗೆ.

ಆಂಟೆನಾ ಹಾಕುವುದೇನೂ ಬ್ರಹ್ಮವಿದ್ಯೆಯಲ್ಲ. ಹಳೆಯದರ ಬುಡ ಬಿಚ್ಚಬೇಕು, ತುಕ್ಕನ್ನು ಉಜ್ಜಬೇಕು, ವಯರು ಸಿಕ್ಕಿಸಬೇಕು, ಹೊಸದನ್ನು ಬಿಗಿಯಬೇಕು. ಕಷ್ಟವಿರುವುದು ಅದನ್ನು ರೇಡಿಯೋಗೆ ಹೊಂದಿಸುವುದರಲ್ಲಿ. ಮುಂದಿನ ಮುಚ್ಚಳ ಕಳಚಿದರೆ ರೇಡಿಯೋದ ಬದಿಯಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಆಂಟೆನಾ ಬದಲಾದಾಗಲೆಲ್ಲ, ಕ್ಷೀಣವಾಗಿ ಕೇಳುವ ಒಂದು ಸ್ಟೇಷನ್ ಹಿಡಿದು, ಸ್ವರ ದೊಡ್ಡದಾಗುವ ತನಕ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಬೇಕು. ಹೆಚ್ಚಾದರೂ ಹೋಯಿತು, ಕಡಿಮೆಯಾದರೂ ಹೋಯಿತು. ಶನಿವಾರ ಮಧ್ಯಾಹ್ನ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಮುಚ್ಚಳ ಕಳಚಿ ಕುಳಿತೆ. ನಮ್ಮವರು ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಸಹಾಯಕ್ಕಲ್ಲ. ನಮ್ಮ ಮನೆಯಲ್ಲಿ ಅದರಷ್ಟು ಮೆತ್ತಗಿನ ಆಸನ ಬೇರೆ ಇಲ್ಲ, ಊಟವಾದ ಮೇಲೆ ಅವರ ಅರ್ಥದ ಅಭ್ಯಾಸ ಅಲ್ಲೇ. ಎರಡು ಆಂಟೆನಾಗಳ ನಡುವೆ ಕುಳಿತು ಗಂಟಲು ಸರಿಮಾಡಿಕೊಂಡರು. "ಸ್ವಲ್ಪ ಸುಮ್ಮನಿರಿ, ರೇಡಿಯೋ ಕೇಳ್ಬೇಕು" ಎಂದೆ. "ನೀನು ಕೇಳು, ನಾನು ಸಣ್ಣ ಸ್ವರದಲ್ಲಿ ಹೇಳ್ತೇನೆ" ಎಂದರು. ಇವರ ಸಣ್ಣ ಸ್ವರ ನ್ಯಾಯಾಲಯದ ಗೇಟಿನ ತನಕ ಕೇಳುತ್ತದೆ. ಹಿಂದೆ ಇವರು, ಮುಂದೆ ರೇಡಿಯೋ, ನಡುವೆ ನಾನು ಹಲ್ಲು ಕಚ್ಚಿ ಸ್ಕ್ರೂ ತಿರುಗಿಸಿದೆ. ಕೊನೆಗೂ ರೇಡಿಯೋ ಸ್ವರ ಇವರ ಸ್ವರವನ್ನು ಮೀರಿಸಿದಾಗ, ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾಗಿಲ್ಲ ಎಂದು ಮುಚ್ಚಳ ಹಾಕಿದೆ.

ಭಾನುವಾರ ಬೆಳಿಗ್ಗೆ ಅತ್ತಿಗೆ ಗೇಟಿಗೆ ಬಂದು ನಿಂತಿದ್ದರು. ನಾನು ಹೆಲ್ಮೆಟ್ ಹಾಕಿ ರಾಣಿಯ ಹಾಗೆ ಹೊರಟೆ. ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು, ಹಾಗಾಗಿ ರೇಡಿಯೋ ಹಾಕಿರಲಿಲ್ಲ. ವೇಣೂರು ಹತ್ತಿರವಾದಾಗ ಹಾಕಿದೆ. ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸದ್ದು, ಅದರ ಹಿಂದೆ ಯಾರೋ ಬಾವಿಯಲ್ಲಿ ಮಾತಾಡಿದ ಹಾಗೆ ಏನೋ. ಗಾಡಿ ನಿಲ್ಲಿಸಿದೆ. ಆಂಟೆನಾ ಅಲ್ಲಾಡಿಸಿದೆ, ಬುಡ ಮುಟ್ಟಿ ನೋಡಿದೆ. ಆಶ್ಚರ್ಯವೆಂದರೆ ನಾನು ಹಿಂದೆ ನಿಂತು ಆಂಟೆನಾದ ಪಕ್ಕ ಬಗ್ಗಿದಾಗ ಸ್ವರ ಬರುತ್ತಿತ್ತು, ಸರಿದರೆ ಹೋಗುತ್ತಿತ್ತು. ಆಗ ತಲೆಗೆ ಹೊಳೆಯಿತು. ಮನುಷ್ಯನ ಮೈ ಎಂದರೆ ಹೆಚ್ಚುಕಡಿಮೆ ಉಪ್ಪುನೀರಿನ ಚೀಲ. ಆಂಟೆನಾದ ಪಕ್ಕ ಅದು ಇದ್ದರೆ ಲೆಕ್ಕವೇ ಬೇರೆ, ಇಲ್ಲದಿದ್ದರೆ ಬೇರೆ. ಇದನ್ನು ಪ್ರತಿ ವರ್ಷ ಮಕ್ಕಳಿಗೆ ಕಲಿಸುವವಳು ನಾನು. ಶನಿವಾರ ಅಷ್ಟು ಶ್ರದ್ಧೆಯಿಂದ ನಾನು ಹೊಂದಿಸಿದ್ದು ಬರೀ ಆಂಟೆನಾವನ್ನಲ್ಲ, ನಮ್ಮವರ ಸಮೇತವಾದ ಆಂಟೆನಾವನ್ನು. ಒಬ್ಬಳೇ ಹೋಗಿ ಕೇಳುತ್ತೇನೆಂದು ಊರೆದುರು ಸವಾಲು ಹಾಕಿದವಳು, ಗಂಡನನ್ನು ಹಿಂದೆ ಕೂರಿಸಿಕೊಳ್ಳದೆ ಕೇಳಲಾಗದಂಥ ರೇಡಿಯೋ ಮಾಡಿಕೊಂಡಿದ್ದೆ.

ಸ್ಕ್ರೂ ಡ್ರೈವರ್ ಮನೆಯ ಜಗಲಿಯಲ್ಲಿತ್ತು. ಕಾರ್ಯಕ್ರಮ ಶುರುವಾಗುವುದರಲ್ಲಿತ್ತು. ಕಣ್ಣೆದುರು ಬಸಳೆ ಹಬ್ಬತೊಡಗಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಇವರ ಮೇಲೆ, ಅತ್ತಿಗೆಯ ಮೇಲೆ, ಭೌತಶಾಸ್ತ್ರದ ಮೇಲೆ. ಅಷ್ಟರಲ್ಲಿ ರಸ್ತೆ ಬದಿಯಲ್ಲಿ ಬೊಂಡ ಮಾರುವ ಹೆಂಗಸು ಕಂಡಳು. ಬೊಂಡ ಅಂದರೆ ಎಳನೀರು. ಉಪ್ಪುಪ್ಪಾದ ನೀರು, ಸುತ್ತ ಹಸಿ ಸಿಪ್ಪೆ. ಯೋಚಿಸಿದಷ್ಟೂ ನಮ್ಮವರಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

"ಎಷ್ಟು ಕೆತ್ತಿ ಕೊಡ್ಲಿ ಮೇಡಂ?" ಎಂದಳು.

"ಕೆತ್ತುವುದು ಬೇಡ. ಇಡೀ ಗೊನೆ ಕೊಡು."

"ಅಷ್ಟು ಯಾರಿಗೆ ಕುಡಿಲಿಕ್ಕೆ?"

"ಕುಡಿಲಿಕ್ಕೆ ಅಲ್ಲ, ಹಿಂದೆ ಕೂರಿಸ್ಲಿಕ್ಕೆ."

ಅವಳು ಒಂದು ಗೊನೆ ಎಳೆದು ತಂದಳು. ವೇಣೂರಿನ ರಸ್ತೆಯಲ್ಲಿ ಕುಳಿತವಳು ಎಂತೆಂಥವರನ್ನು ಕಂಡಿದ್ದಾಳೋ. ಇಬ್ಬರೂ ಸೇರಿ ಗೊನೆಯನ್ನು ಹಿಂದಿನ ಸೀಟಿಗೆ ಹೇರಿ ಹಗ್ಗ ಕಟ್ಟಿದೆವು. ಸ್ವರ ಸ್ವಲ್ಪ ಮೇಲೆ ಬಂತು. "ಇನ್ನೊಂದು ಕೊಡು" ಎಂದೆ. ನಮ್ಮವರ ಮೈಕಟ್ಟಿಗೆ ಒಂದು ಗೊನೆ ಸಾಲುವುದಿಲ್ಲವೆಂದು ನನಗೆ ಮೊದಲೇ ಹೊಳೆಯಬೇಕಿತ್ತು. ಎರಡನೆಯದನ್ನು ಅದರ ಮೇಲೆ ಕೂರಿಸಿ ಕಟ್ಟಿ ಕೈಬಿಟ್ಟದ್ದೇ ತಡ, ಚಟಪಟ ನಿಂತಿತು. ಚೆಂಡೆಯ ಪೆಟ್ಟು ಕೇಳಿತು, ಅದರ ಬೆನ್ನಿಗೇ ತುಂಬು ಕಂಠದಲ್ಲಿ, "ರಾಜನ್, ಸಂಧಾನಕ್ಕಾಗಿ ಬಂದ ದೂತ ನಾನು" ಎಂದು ಶುರುವಾಯಿತು.

"ಯಾರ ಸ್ವರ ಮೇಡಂ ಅದು?" ಎಂದು ಕೇಳಿದಳು.

"ನನ್ನ ಗಂಡನದು" ಎಂದೆ. ಅವಳು ಒಮ್ಮೆ ರೇಡಿಯೋವನ್ನು, ಒಮ್ಮೆ ಸೀಟಿನ ಮೇಲಿದ್ದ ಬೊಂಡದ ಗೊನೆಗಳನ್ನು ನೋಡಿದಳು.

ಗುರುವಾಯನಕೆರೆಯ ಕಡೆಗೆ ಗಾಡಿ ಓಡಿಸುತ್ತಾ ನಾನು ಎಷ್ಟು ಗೆದ್ದೆನೆಂದು ಹೇಳಲಾರೆ. ಗಂಡ ಹಿಂದೆ ಕುಳಿತ ಹಾಗೂ ಇದೆ, ಹಿಂದಿನಿಂದ ಒಂದು ಮಾತೂ ಇಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಸವಾರಿ ಆಗಿರಲಿಲ್ಲ. ರೇಡಿಯೋದಲ್ಲಿ ದೂತ ರಾಜನಿಗೆ ಬುದ್ಧಿ ಹೇಳುತ್ತಿದ್ದ. "ತಾವು ಒಂದು ಹೆಜ್ಜೆ ಹಿಂದೆ ಇಟ್ಟರೆ ತಮ್ಮ ಘನತೆಗೆ ಎಳ್ಳಷ್ಟೂ ಕುಂದಿಲ್ಲ." ನನಗೆ ತಡೆಯಲಾಗಲಿಲ್ಲ. "ಅದನ್ನು ನಿಮ್ಮ ಅಕ್ಕನಿಗೆ ಹೇಳಿ" ಎಂದೆ ಹೆಲ್ಮೆಟ್ಟಿನೊಳಗೆ. ದೂತ ಮುಂದುವರಿಸಿದ. ನಾನೂ ಬಿಡಲಿಲ್ಲ. ಬಾಳೆಗಿಡ ಕಟ್ಟಿದವರು ಯಾರು, ಮುರಿದ ಮೇಲೆ "ಗಾಳಿ ಜೋರಿತ್ತು" ಎಂದು ಜಾರಿಕೊಂಡವರು ಯಾರು, ಅಕ್ಕ ಮಾತಾಡುವಾಗ ಪೇಪರಿನ ಹಿಂದೆ ಅಡಗಿದವರು ಯಾರು, ಎಲ್ಲ ಕೇಳಿದೆ. ಮನೆಯಲ್ಲಾದರೆ ಇವರು ನಡುವೆ ಬಾಯಿ ಹಾಕಿ ವಿಷಯ ತಿರುಗಿಸುತ್ತಾರೆ. ಇಲ್ಲಿ ಹಾಗಾಗುವಂತಿರಲಿಲ್ಲ. ಬೆಳ್ತಂಗಡಿಯ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೊಬ್ಬರು ನನ್ನ ಕಡೆ ವಿಚಿತ್ರವಾಗಿ ನೋಡಿದಾಗ ಸ್ವರ ತಗ್ಗಿಸಿದೆ. ಅಷ್ಟರಲ್ಲಿ ಮಂಗಳ ಹಾಡುತ್ತಿದ್ದರು.

ಮನೆಗೆ ಬಂದಾಗ ಅತ್ತಿಗೆ ನಮ್ಮ ಜಗಲಿಯಲ್ಲೇ ಕುಳಿತಿದ್ದರು. ಮನೆಯ ರೇಡಿಯೋದಲ್ಲಿ ಅವರೂ ಪೂರ್ತಿ ಕೇಳಿದ್ದರು. ನಮ್ಮವರು ಪೇಪರ್ ಹಿಡಿದಿದ್ದರು, ಓದುತ್ತಿರಲಿಲ್ಲ.

"ಕೇಳಿತಾ?" ಎಂದರು ಅತ್ತಿಗೆ.

"ಪಕ್ಕದಲ್ಲಿ ಕುಳಿತು ಹೇಳಿದ ಹಾಗೆ ಕೇಳಿತು" ಎಂದೆ.

"ಹಾಗಾದ್ರೆ ಕೊನೆಗೆ ಹೊರಡುವಾಗ ನನ್ನ ತಮ್ಮ ರಾಜನಿಗೆ ಎಂತ ಹೇಳಿದ, ಹೇಳು ನೋಡುವ."

ನಮ್ಮವರ ಪೇಪರ್ ಮೆಲ್ಲಗೆ ಕೆಳಗಿಳಿಯಿತು. ನಾನು ನೆನಪು ಮಾಡಿದೆ. ನಾನು ಹೇಳಿದ್ದೆಲ್ಲ ಅಕ್ಷರ ಬಿಡದೆ ನೆನಪಿತ್ತು. ಅವರು ಹೇಳಿದ್ದು ಆ ಒಂದು ಹೆಜ್ಜೆಯಿಂದ ಮುಂದೆ ಒಂದೂ ಇಲ್ಲ.

ನನ್ನ ಮುಖ ನೋಡಿ ಅತ್ತಿಗೆಯೇ ಹೇಳಿದರು. ಇವರು ಕೊನೆಯಲ್ಲಿ ಪ್ರಸಂಗ ಬಿಟ್ಟು ಸ್ವಂತದ್ದೊಂದು ಸೇರಿಸಿದ್ದರಂತೆ: "ರಾಜನ್, ಹಠ ಹಿಡಿಯುವುದಾದರೆ ನನ್ನ ಮನೆಯವಳಂತೆ ಹಿಡಿಯಿರಿ. ಅವಳ ಹಠದಲ್ಲಿ ಯಾರ ಪಾಲನ್ನೂ ಕಸಿದದ್ದಿಲ್ಲ." ಸಭೆಯಲ್ಲಿದ್ದವರು ನಕ್ಕದ್ದೂ ರೇಡಿಯೋದಲ್ಲಿ ಬಂದಿತ್ತಂತೆ. ಇವರು ಅದನ್ನು ತಿಂಗಳ ಹಿಂದೆಯೇ ಹೇಳಿ, ನಾನು ರೇಡಿಯೋದಲ್ಲೇ ಕೇಳಲಿ ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರು. ಮಾತು ತಡೆಯುವುದೇ ತಿಳಿಯದ ಮನುಷ್ಯ ನನಗಾಗಿ ಒಂದು ತಿಂಗಳು ಒಂದು ಮಾತನ್ನು ತಡೆದಿದ್ದರು. ನಾನು ಅದೇ ಹೊತ್ತಿಗೆ ಬೆಳ್ತಂಗಡಿ ಪೇಟೆಯ ನಡುವೆ ಅವರನ್ನು ಬೈಯುತ್ತಿದ್ದೆ. ನನಗೆ ನಿಜಕ್ಕೂ ಬೇಜಾರಾಯಿತು.

"ಕೇಳಲಿಲ್ಲ ಅಂತಾಯ್ತು. ಕೋಲು ತೆಗಿ" ಎಂದರು ಅತ್ತಿಗೆ.

ಬೇಜಾರು ಅಲ್ಲಿಗೆ ಮುಗಿಯಿತು. "ನಾನು ಮಾತು ಕೊಟ್ಟದ್ದು ರೇಡಿಯೋ ಹೇಳ್ತದೆ ಅಂತ. ನಾನು ಸುಮ್ಮನಿರ್ತೇನೆ ಅಂತ ಅಲ್ಲ" ಎಂದೆ. ವಕೀಲರಾದ ನಮ್ಮವರು ಅದರಲ್ಲಿ ಹುರುಳುಂಟು ಎಂದರು. ಅತ್ತಿಗೆ ಎರಡು ಬೊಂಡ ಕುಡಿದು, ನಾಲ್ಕು ಕಟ್ಟಿಕೊಂಡು ಹೋದರು. ಅವರ ಬಸಳೆ ಈಗ ಬಿದಿರಿನ ಚಪ್ಪರದ ಮೇಲೆ ಸೊಂಪಾಗಿದೆ, ನಮಗೂ ಕೊಡುತ್ತಾರೆ.

ಆ ಸ್ಕ್ರೂವನ್ನು ಮತ್ತೆ ತಿರುಗಿಸಿ, ಹಿಂದೆ ಯಾರೂ ಇಲ್ಲದೆಯೂ ರೇಡಿಯೋ ಕೇಳುವ ಹಾಗೆ ಮಾಡಬಹುದು. ಸಣ್ಣ ಕೆಲಸ. ಮಾಡಿಲ್ಲ, ಏಕೆಂದು ಕೇಳಬೇಡಿ. ಭಾನುವಾರ ನಮ್ಮವರು ತಾವಾಗಿಯೇ ಹೆಲ್ಮೆಟ್ ಹಾಕಿಕೊಂಡು ಹಿಂದೆ ಬಂದು ಕೂರುತ್ತಾರೆ, ಉಜಿರೆಯ ತನಕ ಹೋಗಿ ಬರುತ್ತೇವೆ. ರೇಡಿಯೋ ಗಂಟೆ ಬಾರಿಸಿದ ಹಾಗೆ ಹೇಳುತ್ತದೆ. ನಮ್ಮಿಬ್ಬರಲ್ಲಿ ಒಬ್ಬರು ಸುಮ್ಮನಾದರೆ ಅದು ಏನು ಹೇಳುತ್ತದೆಂದು ತಿಳಿಯಬಹುದು. ಯಾರು ಸುಮ್ಮನಾಗಬೇಕೆಂಬ ಬಗ್ಗೆ ದಾರಿಯುದ್ದಕ್ಕೂ ಸಂಧಾನ ನಡೆಯುತ್ತಿದೆ. ನಾನಂತೂ ಆಗುವುದಿಲ್ಲ.