ನಾಯಿಕೆಮ್ಮಿನ ಪುಟಕ್ಕೆ, ಕಿಟಕಿಯಾಚೆಯ ತಾತನಿಂದ

ಆರೋಗ್ಯ ಇಲಾಖೆಯ ಜಾಲತಾಣದಲ್ಲಿ ನಾಯಿಕೆಮ್ಮಿನ ಮಾಹಿತಿಗೆಂದೇ ನೆಲೆಸಿರುವ ಮಾನ್ಯ ಪುಟದವರೇ,

ತಮ್ಮ ಸನ್ನಿಧಾನಕ್ಕೆ ಕ್ಲಾರಿನೆಟ್ ರಿಪೇರಿಯವನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ‘ಕೊನೆಯ ಪರಿಷ್ಕರಣೆ’ ಎಂಬ ಸಾಲನ್ನು ನಂಬುವುದಾದರೆ, ನನ್ನ ಮಗಳು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಿಂದ ತಮ್ಮ ಕೂದಲೂ ಕೊಂಕಿಲ್ಲ. ಆ ಮಗಳೀಗ ಬಾಣಂತಿ.

ನನ್ನ ಕಸುಬಿನಲ್ಲಿ ರಿಪೇರಿಯಾದ ವಾದ್ಯವನ್ನು ಬಾಯಿಗಿಟ್ಟು ಊದಿ ನೋಡದೆ ಗಿರಾಕಿಗೆ ಕೊಡುವಂತಿಲ್ಲ. ಊರವರ ಎಂಜಲೆಲ್ಲ ನನ್ನ ತುಟಿ ದಾಟಿಯೇ ಹೋಗಬೇಕು. ಊರಲ್ಲಿ ನಾಯಿಕೆಮ್ಮು ಎದ್ದಿತು, ನನಗೂ ಒಂದಿಷ್ಟು ಕೆಮ್ಮು ಬಂದು ಹೋಯಿತು. “ಅಪ್ಪಾ, ಮಗೂನ ಯಾವಾಗ ಎತ್ಕೋಬಹುದು ಅಂತ ಸರಿಯಾಗಿ ತಿಳ್ಕೊಂಡು ಬನ್ನಿ, ಅಲ್ಲೀವರೆಗೂ ಕಿಟಕಿಯಿಂದಾನೇ” ಎಂದು ಮಗಳ ಆಜ್ಞೆಯಾಯಿತು. ಡಾಕ್ಟರು, ಈ ಸಲ ಸೂಚನೆಗಳು ಬದಲಾಗಿರಬಹುದು, ಇಲಾಖೆಯ ಪುಟ ನೋಡಿ ಎಂದರು. ತಾವು ‘ವೈದ್ಯರನ್ನು ಕಾಣಿರಿ’ ಎಂದಿರಿ. ಭಾವಮೈದುನನ ಮೊಬೈಲು ಮಾತ್ರ ಎಳ್ಳಷ್ಟೂ ಅನುಮಾನವಿಲ್ಲದೆ, ದಿಂಬಿನಡಿ ಈರುಳ್ಳಿ ಇಟ್ಟರೆ ಸಾಕೆಂದಿತು.

ಕೊನೆಗೆ ತಮ್ಮ ಪಾದದ ಬಳಿ ಸಹಾಯವಾಣಿಯ ಸಂಖ್ಯೆ ಕಂಡು ಅಂಗಡಿಯ ಫೋನಿನಿಂದ ಎಷ್ಟು ಸಲ ಒತ್ತಿದರೂ ಎಂಗೇಜ್. ಉಸಿರಾಡಲೂ ಪುರುಸೊತ್ತಿಲ್ಲದೆ ದುಡಿಯುವ ಇಲಾಖೆಯೆಂದು ಎದೆಯುಬ್ಬಿತು. ಇತ್ತ, ಅಂಗಡಿ ಬದಲಾಯಿಸಿ, ನನಗೇ ಇನ್ನೂ ಬಾಯಿಪಾಠವಾಗದ, ಮಗಳಿಗೂ ಕೊಟ್ಟಿರದ ಹೊಸ ನಂಬರು ಬಂದಾಗಿನಿಂದ ಯಾರ್ಯಾರೋ ಫೋನ್ ಮಾಡಿ, ಕೆಮ್ಮಿ, ‘ಕ್ಲಾರಿನೆಟ್ ಅಂಗಡಿ’ ಎಂದೊಡನೆ ಇಟ್ಟುಬಿಡುತ್ತಿದ್ದರು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ. ತನ್ನ ನಂಬರಿಗೆ ತಾನೇ ಫೋನ್ ಮಾಡುವವರುಂಟೇ?

ಮೊನ್ನೆ ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ರೀಡೆಂಬ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಫೋನೆತ್ತಿದ್ದರಿಂದ ‘ಕ್ಲಾರಿನೆಟ್ ಅಂಗಡಿ’ ಎನ್ನಲಾಗಲಿಲ್ಲ. “ಸಾರ್, ನಮ್ಮಪ್ಪನಿಗೆ ಕೆಮ್ಮು ಬಂದು ಹೋಗಿದೆ. ಪಾಪ, ದಿನಾ ಕಿಟಕಿ ಹತ್ರ ನಿಂತು ಹೋಗ್ತಾರೆ. ಮಗೂನ ಕೈಗೆ ಕೊಡಬಹುದಾ?” ಎಂದಿತು ನನ್ನ ಮಗಳ ದನಿ. ತಮ್ಮ ಸಹಾಯವಾಣಿ ನಾನೇ ಎಂಬುದು ಆಗ ತಿಳಿಯಿತು. ಇಲಾಖೆಯ ಗತ್ತಿನಲ್ಲಿ ‘ಧಾರಾಳವಾಗಿ’ ಎಂದಿದ್ದರೆ ಸಂಜೆಗೆ ಮೊಮ್ಮಗಳು ನನ್ನ ತೋಳಲ್ಲಿರುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. “ನಮಗೆ ಗೊತ್ತಿಲ್ಲ ತಾಯಿ, ಸದ್ಯಕ್ಕೆ ಕೊಡಬೇಡಿ” ಎಂದು ದನಿ ಬದಲಿಸಿ ಹೇಳಿ ಇಟ್ಟೆ. ಆ ಸಂಖ್ಯೆಯಿಂದ ಹೊರಬಿದ್ದ ಮೊದಲ ನಿಜವಾದ ಮಾಹಿತಿ ಪ್ರಾಯಶಃ ಅದೇ.

ಆದ್ದರಿಂದ ನನ್ನನ್ನು ಕೂಡಲೇ ಇಲಾಖೆಯ ಮುಖ್ಯ ಕೆಮ್ಮು ಅಧಿಕಾರಿಯಾಗಿ ನೇಮಿಸಿ ಕಾರು, ಚಾಲಕ, ಬಾಗಿಲಲ್ಲಿ ಜವಾನನನ್ನು ದಯಪಾಲಿಸಬೇಕು. ಅದು ಕಷ್ಟವಾದರೆ ಮಗಳು ಕೇಳಿದ ಆ ಒಂದು ಪ್ರಶ್ನೆಗೆ ಇಂದಿನ ತಾರೀಖು ಹಾಕಿ ಉತ್ತರ ಬರೆಯಬೇಕು. ಮೊಮ್ಮಗಳು ಈಚೆಗೆ ನಗಲು ಕಲಿತಿದ್ದಾಳೆ, ನಾನು ಗಾಜು ಒರೆಸಿ ಒರೆಸಿ ನೋಡುತ್ತಿದ್ದೇನೆ.

ಗಾಜಿನ ಈಚೆಯಿಂದ,
ತಮ್ಮ ವಿಶ್ವಾಸಿ,
ಹಾಗೂ ತಮ್ಮ ಸಹಾಯವಾಣಿ

ಮರೆತ ಮಾತು: ಇದನ್ನು ಮುಗಿಸುವಷ್ಟರಲ್ಲಿ ತಮ್ಮ ಪರಿಷ್ಕರಣೆಯ ತಾರೀಖು ಹೊಸದಾಗಿದೆ, ಅಭಿನಂದನೆಗಳು. ಕೆಳಗೆ ನನ್ನ ನಂಬರು ಹಾಗೇ ಇದೆ, ಅಕ್ಷರ ಮಾತ್ರ ದಪ್ಪಗಾಗಿದೆ. ಭಾನುವಾರ ಅಂಗಡಿಗೆ ರಜೆ. ಅಂದು ಊರಲ್ಲಿ ಯಾರೂ ಕೆಮ್ಮದಂತೆ ನೋಡಿಕೊಳ್ಳುವ ಹೊಣೆ ತಮ್ಮದು.