ದರ್ಜಿಯ ಕೈಗೆ ಸಿಕ್ಕ ಗಾಳಿಪಟ

ದರ್ಜಿ ಊಟಕ್ಕೆ ಹೋಗಿದ್ದಾಗ ಗಿರಾಕಿಯೊಬ್ಬ ಅಂಗಡಿಗೆ ಬಂದು, ದೊಡ್ಡ ಬಟ್ಟೆಗಂಟೊಂದನ್ನು ದರ್ಜಿಯ ಹೆಂಡತಿಯ ಮುಂದೆ ಇಳಿಸಿ, ಕೆಲಸ ಏನೆಂದು ಫೋನಿನಲ್ಲಿ ಹೇಳುತ್ತೇನೆ, ಭಾನುವಾರ ಬರುತ್ತೇನೆ ಎಂದು ಹೋಗಿಬಿಟ್ಟ. ಫೋನು ಬರಲೇ ಇಲ್ಲ. ದರ್ಜಿ ಗಂಟು ಬಿಚ್ಚಿದ. ಕೆಂಪು ಬಟ್ಟೆ ಅಂಗಡಿಯನ್ನೆಲ್ಲ ತುಂಬಿ, ಹೊಸ್ತಿಲು ದಾಟಿ ಬೀದಿಗೆ ಕಾಲು ಚಾಚಿತು. ಒಂದು ಕಡೆ ಮೊಳದುದ್ದ ಹರಿದಿತ್ತು. ಹರಿದದ್ದನ್ನು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಜೋಡಿ ಹೊಲಿಗೆ ಹಾಕಿ, ಮೇಲೊಂದು ಪಟ್ಟಿ ಕೊಟ್ಟು ಮುಗಿಸಿಬಿಟ್ಟ.

ಅದು ಮನುಷ್ಯನನ್ನೇ ಎಳೆದೊಯ್ಯುವ ಗಾಳಿಪಟ ಎಂದು ಪತ್ತೆ ಹಚ್ಚಿದವನು ಪಕ್ಕದ ಔಷಧಿ ಅಂಗಡಿಯವನು. ಫೋನಿನಲ್ಲಿ ವಿಡಿಯೋ ತೋರಿಸಿ, ಅಷ್ಟಕ್ಕೇ ಬಿಡದೆ, "ಗಾಳಿಗೆ ಹಿಡಿದು ನೋಡ್ದೆ ಹೊಲಿಗೆ ಗಟ್ಟಿ ಅಂತ ಹೇಗೆ ಹೇಳ್ತೀರಿ? ಮೇಲೆ ಹೋಗಿ ಬಿಚ್ಕೊಂಡ್ರೆ ಯಾರ ಹೆಸರು ಕೆಡೋದು?" ಎಂದ.

ಹೆಸರಿನ ಮಾತು ಬಂದರೆ ದರ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಬಾಮೈದನ ವ್ಯಾನಿನಲ್ಲಿ ಅವನು, ಅವನ ಹೆಂಡತಿ, ಔಷಧಿ ಅಂಗಡಿಯವನು ಎಲ್ಲರೂ ಸಮುದ್ರದ ಪಕ್ಕದ ಮರಳು ಬಯಲಿಗೆ ಹೋದರು.

ಅಲ್ಲಿ ಗಾಳಿ ಸಾಲ ವಸೂಲಿಗೆ ಬಂದವನ ಹಾಗೆ ಎದೆಗೆ ಕೈಯಿಟ್ಟು ತಳ್ಳುತ್ತಿತ್ತು. ದರ್ಜಿ ಗಾಳಿಪಟದ ಜೊತೆ ಗಂಟಿನಲ್ಲೇ ಇದ್ದ ಎರಡು ಹಿಡಿಗಳನ್ನು ಹಿಡಿದು ನಿಂತ. ಅವುಗಳಿಂದ ಹೊರಟ ದಾರಗಳ ಆ ತುದಿಯಲ್ಲಿ ಔಷಧಿ ಅಂಗಡಿಯವನು ಬಟ್ಟೆಯ ಅಂಚನ್ನು ಎತ್ತಿ ಬಿಟ್ಟ. ಬಟ್ಟೆಯೊಳಗಿನ ಚೀಲಗಳಿಗೆಲ್ಲ ಗಾಳಿ ನುಗ್ಗಿ ಅದು ಒಮ್ಮೆಲೇ ರೆಕ್ಕೆಯಾಯಿತು. ದರ್ಜಿಯ ಚಪ್ಪಲಿಗಳು ಇದ್ದಲ್ಲೇ ಇದ್ದವು. ದರ್ಜಿ ಇರಲಿಲ್ಲ.

ಸ್ವಲ್ಪ ದೂರದಲ್ಲಿ ಹೊಟ್ಟೆಯ ಮೇಲೆ ಮಲಗಿ, ಬಾಯಿ ತುಂಬ ಮರಳು ತುಂಬಿಕೊಂಡು ಸಿಕ್ಕಿದ. ಬಾಮೈದ ವ್ಯಾನು ಓಡಿಸುವವನು. ಸ್ಟೇರಿಂಗ್ ತಿರುಗಿಸಿದ ಹಾಗೆ ತಿರುಗಿಸಬೇಕೆಂದು ಹೇಳಿಕೊಟ್ಟ. ಔಷಧಿ ಅಂಗಡಿಯವನು ವಿಡಿಯೋ ನೋಡಿಕೊಂಡು, ಬಲವಾಗಿ ಎಳೆಯಬೇಕು ಎಂದ. ದರ್ಜಿ ತಿರುಗಿಸಿಯೂ ಎಳೆದೂ ನೋಡಿದ. ಗಾಳಿಪಟ ಗಿರ್ರನೆ ಸುತ್ತಿ ನೆಲಕ್ಕೆ ಬಡಿಯಿತು. ಮೂರನೆಯ ಸಲ ಬಾಮೈದ ಹಿಂದಿನಿಂದ ಅವನ ಬೆಲ್ಟು ಹಿಡಿದುಕೊಂಡ. ಕೊನೆಗೆ ಬೆಲ್ಟೊಂದೇ ಕೈಯಲ್ಲಿ ಉಳಿಯಿತು. ಪ್ಯಾಂಟು ದರ್ಜಿಯೇ ಹೊಲಿದದ್ದಾದ್ದರಿಂದ ಸೊಂಟ ಬಿಡಲಿಲ್ಲ.

ಹೆಂಡತಿ ಸಾಕು ಮಾಡಿ ಎಂದಳು. ಹೊಲಿಗೆಯಂತೂ ಬಿಚ್ಚಿರಲಿಲ್ಲ, ಬಂದ ಕೆಲಸ ಆಗಿತ್ತು. ಆದರೆ ದರ್ಜಿ ಹಿಡಿಗಳನ್ನು ಬಿಡಲಿಲ್ಲ. ಇಷ್ಟು ವರ್ಷ ಬಟ್ಟೆ ಅವನ ಮಾತು ಕೇಳಿಕೊಂಡೇ ಬಂದಿತ್ತು. ಇವತ್ತು ಮೊದಲ ಸಲ ಒಂದು ಬಟ್ಟೆ ಅವನನ್ನು ಎಳೆದಾಡಿತ್ತು. ಮಷೀನಿನ ಮೇಲೆ ಬಟ್ಟೆಯನ್ನು ಯಾರೂ ಎಳೆಯುವುದಿಲ್ಲ, ಕೈಯಿಟ್ಟು ದಾರಿ ತೋರಿಸುತ್ತಾರೆ ಅಷ್ಟೆ ಎಂದು ಅವನಿಗೆ ಹೊಳೆಯಿತು.

ಈ ಸಲ ಅವನು ಎಳೆಯಲಿಲ್ಲ. ಬಲಗೈಯನ್ನು ಒಂದಿಷ್ಟು ಹಿಂದಕ್ಕೆ ತಂದ. ಅಷ್ಟು ದೊಡ್ಡ ರೆಕ್ಕೆ ಬಲಕ್ಕೆ ವಾಲಿತು. ಎಡಗೈ ತಂದ, ಎಡಕ್ಕೆ ಬಂತು. ಕೆಳಗಿಳಿದಾಗ ಎತ್ತಿನ ಹಾಗೆ ಜಗ್ಗುತ್ತಿದ್ದದ್ದು, ನೆತ್ತಿಯ ಮೇಲೆ ತಂದು ನಿಲ್ಲಿಸಿದರೆ ತೊಟ್ಟಿಲಿನಷ್ಟು ಮೆದುವಾಯಿತು. ಗಾಳಿ ಜೋರಾದಾಗ ಮೇಲೆ ಕರೆದುಕೊಂಡ, ತಗ್ಗಿದಾಗ ಪಕ್ಕಕ್ಕೆ ಕಳಿಸಿದ. ದಾರಗಳು ಗುಂಯ್‌ಗುಡುತ್ತಿದ್ದವು. ಆ ಗುಂಯ್‌ಕಾರ ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಎದೆಗೆ ಇಳಿಯಿತು. ಕಣ್ಣಿಗೇ ಕಾಣದ ಗಾಳಿಗೆ ಇಷ್ಟು ಮೈಯಿದೆ, ತೂಕವಿದೆ, ಸ್ವಭಾವವಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಸಮುದ್ರದ ಆಚೆಯಿಂದ ಹೊರಟು ಬಂದ ಅದು ತನ್ನ ಎರಡು ಹಿಡಿಗಳಲ್ಲಿ ಬಂದು ನಿಂತಿದೆಯಲ್ಲ ಎಂದು ಅವನ ಕಣ್ಣು ತುಂಬಿತು. ಕೆಂಪು ನೆರಳು ಬಯಲನ್ನು ಗುಡಿಸಿಕೊಂಡು ಹೋಗಿ ಬಂತು. ಸಲಹೆ ಕೊಡುವವರು ಕತ್ತೆತ್ತಿಕೊಂಡು ಅದು ಹೋದತ್ತಲೇ ತಿರುಗುತ್ತಿದ್ದರು. ಹೆಂಡತಿ ಮೆಲ್ಲಗೆ, "ಇವರು ನಮ್ಮನೆಯವರೇನಾ?" ಎಂದು ತಮ್ಮನನ್ನು ಕೇಳಿದಳು.

ಬಯಲಿನ ಅಂಚಿಗೆ ಕಾರೊಂದು ಬಂದು ನಿಂತದ್ದನ್ನು ಯಾರೂ ಗಮನಿಸಲಿಲ್ಲ. ಗಿರಾಕಿ ಬಂದಿದ್ದ, ಬಲಗೈಗೆ ಪ್ಲಾಸ್ಟರ್ ಹಾಕಿಕೊಂಡು. ಅಂಗಡಿ ಮುಚ್ಚಿದ್ದರಿಂದ ವಿಚಾರಿಸಿಕೊಂಡು ಇಲ್ಲಿಗೇ ಹುಡುಕಿಕೊಂಡು ಬಂದಿದ್ದ. ಜೊತೆಗೆ ಅವನ ಹೆಂಡತಿಯೂ ಇದ್ದಳು. ದರ್ಜಿ ಗಾಳಿಪಟವನ್ನು ಬದಿಗೆ ತಂದು, ಮಗುವನ್ನು ಮಲಗಿಸಿದ ಹಾಗೆ ನೆಲಕ್ಕೆ ಇಳಿಸಿದ. ಗಿರಾಕಿ ಬಗ್ಗಿ ಎಡಗೈಯಿಂದ ಅದನ್ನೊಮ್ಮೆ ಸವರಿದ.

"ನನ್ನ ಕೈಯಲ್ಲಿ ಇದು ಒಂದ್ಸಲಾನೂ ಹೀಗೆ ಹಾರ್ಲಿಲ್ಲ," ಎಂದ. "ಆದ್ರೆ ನಾನು ರಿಪೇರಿಗೆ ಕೊಟ್ಟಿರ್ಲಿಲ್ಲ. ಕತ್ತರಿಸಿ ಕಾರಿಗೊಂದು ಕವರ್ ಹೊಲೀರಿ ಅಂತ ಹೇಳೋದಿತ್ತು. ಇದು ಎಳೆದು ಬೀಳಿಸಿ ಮುರಿದ ಈ ಕೈಯಿಂದಾಗಿ ಆಸ್ಪತ್ರೆ ಓಡಾಟ, ಫೋನ್ ಮಾಡೋದು ಮರೆತೇಹೋಯ್ತು."

ಬೇರೆ ಒಳ್ಳೆಯ ಬಟ್ಟೆಯಲ್ಲಿ ಕವರ್ ಹೊಲಿದು ಪುಕ್ಕಟೆ ಕೊಡುತ್ತೇನೆ, ಇದನ್ನು ನನಗೇ ಬಿಟ್ಟುಬಿಡಿ ಎಂದು ದರ್ಜಿ ಅಂಗಲಾಚಿದ. ಗಿರಾಕಿ ಅಸಹಾಯಕನಾಗಿ ಹೆಂಡತಿಯ ಮುಖ ನೋಡಿದ. ಅದು ತುಂಡಾಗುವುದನ್ನು ಕಣ್ಣಾರೆ ಕಂಡಲ್ಲದೆ ತಾನು ಮನೆಗೆ ಹೋಗುವುದಿಲ್ಲ ಎಂದಳು ಆಕೆ. ಬಿಟ್ಟರೆ ಇವರು ಪ್ಲಾಸ್ಟರ್ ಬಿಚ್ಚಿದ ಮಾರನೆಯ ದಿನವೇ ಇದನ್ನು ಕೇಳಿಕೊಂಡು ನಿಮ್ಮ ಅಂಗಡಿಗೆ ಬಂದು ಕೂರುತ್ತಾರೆ ಎಂದೂ ಸೇರಿಸಿದಳು. ಗಿರಾಕಿ ಪ್ಲಾಸ್ಟರಿನ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದ.

ಔಷಧಿ ಅಂಗಡಿಯವನು ಎಂದಿನಂತೆ ನೆರವಿಗೆ ಧಾವಿಸಿದ. ವ್ಯಾನಿನಲ್ಲಿ ಕತ್ತರಿ ಇದ್ದದ್ದು ಅವನಿಗೆ ನೆನಪಿತ್ತು.

ದರ್ಜಿ ಮರಳಿನ ಮೇಲೆ ಮಂಡಿಯೂರಿ ಕೂತ. ರೆಕ್ಕೆ ಇನ್ನೂ ಗಾಳಿಗೆ ಮೆಲ್ಲಗೆ ಉಸಿರಾಡುತ್ತಿತ್ತು. ಬೇರೆಲ್ಲೂ ಕತ್ತರಿ ಇಡಲು ಮನಸ್ಸಾಗದೆ, ತಾನು ಹಾಕಿದ ಹೊಲಿಗೆಯಿಂದಲೇ ಶುರುಮಾಡಿದ. ಅಷ್ಟು ಗಾಳಿಗೂ ಬಗ್ಗದ ಜೋಡಿ ಹೊಲಿಗೆ ಅವನ ಕತ್ತರಿಗೂ ಸುಲಭಕ್ಕೆ ಬಗ್ಗಲಿಲ್ಲ. ಬಿಸಿಲಲ್ಲಿ ನಿಂತು ಸಾಕಾಗಿದ್ದ ಗಿರಾಕಿಯ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೇಳಿದಳು:

"ಇಷ್ಟು ಗಟ್ಟಿಯಾಗಿ ಹೊಲೀರಿ ಅಂತ ನಿಮಗೆ ಯಾರು ಹೇಳಿದ್ರು?"