ಹಕ್ಕಿಗೆ ಟೋಪಿ

ಐವತ್ತೆರಡನೆಯ ವಯಸ್ಸಿನಲ್ಲಿ ಜೀವಶಾಸ್ತ್ರದ ಆನರ್ಸ್‌ಗೆ ಸೇರಿದ ಗ್ಲೆನಿಸ್ ಪ್ಯಾಸ್ಕೋ ಮೊದಲ ದಿನವೇ ಊಟದ ಮೇಜಿನಲ್ಲಿ ಗಂಡನೆದುರು ಘೋಷಿಸಿದಳು.

"ನೋಡ್ತಿರು ಕಾಲಿನ್, ಈ ವರ್ಷ ಆರ್ಮಿಡೇಲ್‌ನ ಹಕ್ಕಿಗಳಿಗೆಲ್ಲ ಟೋಪಿ ಹಾಕ್ತೀನಿ."

"ಹಾಕು ಮಾರಾಯ್ತಿ. ನನ್ನ ಟೋಪಿ ಮುಟ್ಟಬೇಡ, ಅಷ್ಟೇ."

ಮುಟ್ಟಿದ್ದು ಅದನ್ನೇ. ವಸಂತದಲ್ಲಿ ಗೂಡು ಕಟ್ಟಿದ ಗಂಡು ಮ್ಯಾಗ್‌ಪೈ ಹಕ್ಕಿ ಮರದಡಿ ಹೋದವರ ತಲೆಗೆ ಎರಗುವುದು ಆ ಊರಿನಲ್ಲಿ ಮಳೆಬಿಸಿಲಿನಷ್ಟೇ ಮಾಮೂಲು. ಅದರ ಹಗೆ ಮನುಷ್ಯನ ಮೇಲೋ, ಅವನ ವೇಷದ ಮೇಲೋ? ವೇಷದ ಮೇಲೆ ಎಂಬುದು ಗ್ಲೆನಿಸಳ ಪ್ರಬಂಧದ ವಾದ. ಅದನ್ನು ಸಾಧಿಸಲು ಕಾಲಿನ್‌ನ ಕೆಂಪು ಟೋಪಿ ತೊಟ್ಟು, ವಿಭಾಗದ ಬಾಗಿಲೆದುರಿನ ನೀಲಗಿರಿ ಮರಕ್ಕೆ ಏಣಿ ಹಾಕಿ, ದಿನವೂ ಗೂಡಿಗೆ ಇಣುಕಿದಳು. ಬೇರೆ ಮರಗಳೂ ಇದ್ದವು, ಆದರೆ ಅಷ್ಟು ದೂರ ಏಣಿ ಹೊರುವವರು ಯಾರು?

ಕೆಲವು ವಾರಗಳ ನಂತರ ಟೋಪಿಯನ್ನು ಗಂಡನ ತಲೆಗಿಟ್ಟು ಮರದಡಿ ನಿಲ್ಲಿಸಿದಳು.

"ಕುಕ್ಕಿದ್ರೆ ಓಡಬೇಡ. ಇದು ವಿಜ್ಞಾನ."

ಕಾಲಿನ್ ನಿಂತ. ಸುಮ್ಮನೆ ನಿಲ್ಲುವುದೇಕೆಂದು ಮಾಂಸದ ಪೈ ತಿಂದ. ಹಕ್ಕಿ ಇಳಿದು ಬಂದು ಅವನ ಬೂಟಿನ ಬಳಿ ಉದುರಿದ ಚೂರುಗಳನ್ನು ಹೆಕ್ಕಿತು. ಆಮೇಲೆ ದೂರದಲ್ಲಿ ಬರಿತಲೆಯಲ್ಲಿ ನಿಂತಿದ್ದ ಗ್ಲೆನಿಸಳ ಕಿವಿಗೆ ಬಂದು ಕುಕ್ಕಿತು. ಮರುದಿನ ಅವಳು ಕಪ್ಪು ಕನ್ನಡಕ ಹಾಕಿದಳು, ಗಂಡನ ಕೋಟು ತೊಟ್ಟಳು, ಕುಂಟುತ್ತಲೂ ನಡೆದಳು. ಹಕ್ಕಿ ಒಮ್ಮೆಯೂ ಮೋಸ ಹೋಗಲಿಲ್ಲ.

"ನನ್ನ ವಾದ ಬಿದ್ದುಹೋಯ್ತು," ಎಂದು ಮಾರ್ಗದರ್ಶಕಿ ರೀಟಾ ಫರೂಜಾಳ ಮುಂದೆ ಕೂತಳು.

"ಬಿದ್ದಿದ್ದನ್ನೇ ಬರಿ. ನಿನಗಿಂತ ಹಕ್ಕಿ ಚೆನ್ನಾಗಿ ಕೆಲಸ ಮಾಡಿದೆ."

ಮೊದಲ ಪುಟದಿಂದ ಎಲ್ಲವನ್ನೂ ತಿರುಗಿ ಬರೆದದ್ದಾಯಿತು. ಬೈಂಡ್ ಮಾಡಿಸಿದ ಪ್ರತಿಯನ್ನು ವಿಭಾಗದ ಕಚೇರಿಗೆ ತಲುಪಿಸಬೇಕಾದ ಕೊನೆಯ ದಿನ ಬಂತು. ಹಿಂಬಾಗಿಲು ರಿಪೇರಿಯಲ್ಲಿತ್ತು. ಮುಂಬಾಗಿಲಿಗೆ ಹಕ್ಕಿಯ ಕಾವಲು. ಛತ್ರಿ ಬಿಡಿಸಿ ಹೊರಟರೆ ಅದು ಛತ್ರಿಯ ಕೆಳಗಿನಿಂದಲೇ ನುಗ್ಗಿತು. ಓಡಿ ನೋಡಿದಳು. ಪ್ರಬಂಧ ಹುಲ್ಲಿನ ಮೇಲೆ ಬಿತ್ತು, ಅದರ ಪಕ್ಕದಲ್ಲಿ ಅವಳೂ.

"ಕಾಲಿನ್, ನೀನೇ ಕೊಟ್ಟು ಬಾ."

ಅವನು ಸಿಳ್ಳೆ ಹಾಕುತ್ತ ಮರದಡಿ ಹೋದ, ಚಾಕೊಲೇಟ್ ಚೀಪುತ್ತ ಬಂದ.

"ಕೊಟ್ಟೆ. ಕೈ ಕುಲುಕಿದ್ರು. ಫೋಟೋನೂ ತೆಗೆದ್ರು."

"ಯಾರದ್ದು?"

"ನಂದು. ಬೇಡ ಅಂದೆ. ನಾಚ್ಕೋಬೇಡಿ ಅಂದ್ಳು ಆ ಗುಮಾಸ್ತೆ."

ಸೋಮವಾರ ಹಿಂಬಾಗಿಲು ತೆರೆಯಿತು. ಒಳಗೆ ಸೂಚನಾ ಫಲಕದಲ್ಲಿ 'ನಮ್ಮ ಹೆಮ್ಮೆಯ ಆನರ್ಸ್ ವಿದ್ಯಾರ್ಥಿಗಳು' ಎಂಬ ಸಾಲಿನಡಿ, ಪ್ರಬಂಧವನ್ನು ಎದೆಗವಚಿಕೊಂಡು ಕಾಲಿನ್ ಹಲ್ಲು ಕಿರಿಯುತ್ತಿದ್ದ. ಗ್ಲೆನಿಸ್ ನೇರ ಕಚೇರಿಗೆ ನುಗ್ಗಿದಳು.

"ಆ ಫೋಟೋ ತೆಗೀರಿ. ಬರೆದವಳು ನಾನು."

ಗುಮಾಸ್ತೆ ತಲೆಯೆತ್ತಿದಳು. "ತಾವು ಯಾರು ಅಂತ ಗೊತ್ತಾಗ್ಲಿಲ್ಲ?"

"ಗ್ಲೆನಿಸ್! ಫೆಬ್ರವರಿಯಿಂದ ದಿನಾ ನಿಮ್ಮ ಕೈಯಿಂದಲೇ ಬೀಗದಕೈ ಇಸ್ಕೊಂಡು ಹೋಗಿದ್ದೀನಿ."

"ಅಯ್ಯೋ, ಬೇಜಾರು ಮಾಡ್ಕೋಬೇಡಿ. ದಿನಾ ಎಷ್ಟೊಂದು ಜನ ಬರ್ತಾರೆ. ಅಷ್ಟು ಮುಖ ಯಾರು ನೆನಪಿಟ್ಕೋತಾರೆ?"

ಗ್ಲೆನಿಸ್ ಮುಖ ತಿರುಗಿಸಿದಳು. ಕಿಟಕಿಯ ಗಾಜಿನಾಚೆ, ಕೊಂಬೆಯ ಮೇಲೆ ಕೂತ ಹಕ್ಕಿ ಕತ್ತು ಓರೆ ಮಾಡಿ ಅವಳನ್ನೇ ನೋಡುತ್ತಿತ್ತು.